ಒಂಬತ್ತನೇ ಪ್ರಶ್ನೆ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಒಂಬತ್ತೂವರೆಯ ಬಸ್ಸಿಗೆ ಮುಸರತ್ ಹತ್ತಿದಳೆಂದರೆ ಕಂಡಕ್ಟರನಿಗೂ ಪಾಠ ತಪ್ಪಿದ್ದಲ್ಲ. ಟಿಕೆಟ್ ಹರಿದು ಕೊಡುವಷ್ಟರಲ್ಲಿ "ನಿದ್ದೆ ಸರಿಯಾಗಿ ಬರ್ತೈತೇನಪ್ಪ? ಸುಮ್‌ಸುಮ್ನೆ ಸಿಟ್ಟು ಬರ್ತೈತೇನು?" ಎಂದು ಕೇಳಿಬಿಡುತ್ತಿದ್ದಳು. ಅವನು ಒಂದು ದಿನ ಕೈ ಮುಗಿದು, "ಅಕ್ಕಾರೆ, ನನಗೆ ಸಿಟ್ಟು ಬರೋದು ನೀವು ಇದನ್ನ ಕೇಳಿದಾಗ ಮಾತ್ರ ನೋಡ್ರಿ" ಎಂದನಂತೆ. ಬಸ್ಸೆಲ್ಲ ನಕ್ಕಿತು. ಮುಸರತ್ ಮಾತ್ರ ನಗದೆ ಕಣ್ಣರಳಿಸಿ ಅವನನ್ನೇ ನೋಡಿದಳು. ನಗೆಯಾಡಿ ತಪ್ಪಿಸಿಕೊಳ್ಳುವವರನ್ನು ಬಿಡಬಾರದು ಎಂದು ಅವಳಿಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

ಅವಳು ಹೀಗಾದದ್ದಕ್ಕೆ ಕಾರಣವಿತ್ತು. ಮುಸರತ್ ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ತಂದೆ ಹಯಾತ್ ಸಾಬ್ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ತಾಯಿ ಖೈರುನ್ನೀಸಾ ಒಂದು ದಿನ ರೊಟ್ಟಿ ಬೇಯಿಸುತ್ತಿದ್ದವಳು ಒಲೆ ಮುಂದಿನಿಂದ ಎದ್ದು, ಯಾರೋ ತನ್ನನ್ನು ಹೆಸರು ಹಿಡಿದು ಬೈಯುತ್ತಿದ್ದಾರೆ ಎಂದು ಬೀದಿಗೆ ಓಡಿದಳು. ಮುಂದೆ ಹನ್ನೊಂದು ವರ್ಷ ಆ ಬೈಗುಳ ಅವಳ ಕಿವಿ ಬಿಡಲಿಲ್ಲ. ತಾಯಿತ ಕಟ್ಟಿಸಿದರು, ನಿಂಬೆಹಣ್ಣು ಇಳಿಸಿ ಬಿಸಾಡಿದರು, ಕಂಬಕ್ಕೆ ಕಟ್ಟಿ ಕೂರಿಸಿದರು. ಎಲ್ಲ ನೀರಲ್ಲಿ ಹೋಮ. ಕೊನೆಗೆ ದಾವಣಗೆರೆಯ ಒಬ್ಬ ಡಾಕ್ಟರು ಕೊಟ್ಟ ಗುಳಿಗೆ ಆರೇ ವಾರದಲ್ಲಿ ಬೈಗುಳದ ಬಾಯಿ ಮುಚ್ಚಿಸಿತು. ಹನ್ನೊಂದು ವರ್ಷದ ನರಕಕ್ಕೆ ಆರು ವಾರದ ಮದ್ದು! ಅವತ್ತಿನಿಂದ ಮುಸರತ್‌ಗೆ ಗುಳಿಗೆಯ ಮೇಲಿದ್ದ ನಂಬಿಕೆ ಮನುಷ್ಯರ ಮೇಲೆ ಇರಲಿಲ್ಲ.

ತನ್ನ ಗಂಡ ತೀರಿಕೊಂಡ ಮೇಲೆ ಅವಳು ತಾಯಿಯನ್ನು ಕರೆದುಕೊಂಡು ದಾವಣಗೆರೆಗೆ ಬಂದಳು. ಅಲ್ಲಿ ಪಿ.ಜೆ. ಬಡಾವಣೆಯಲ್ಲಿ ಒಂದು ಔಷಧಿ ಅಂಗಡಿಯ ಮಹಡಿ ಮೇಲೆ ಎರಡು ಕೋಣೆಯ 'ತಿಳಿಮನ ಬಳಗ' ಎಂಬ ಸಂಸ್ಥೆ ಇತ್ತು. ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಿ ನಿವೃತ್ತರಾದ, ವಿದ್ಯಾನಗರದ ಆಶಾ ಮೇಡಂ ಅದನ್ನು ನಡೆಸುತ್ತಿದ್ದರು. ಊರೂರಿಗೆ ಹೋಗುವುದು, ಮನಸ್ಸಿನ ಕಾಯಿಲೆಯೂ ಜ್ವರ-ನೆಗಡಿಯ ಹಾಗೆ ಒಂದು ಕಾಯಿಲೆ, ಅದಕ್ಕೆ ಮದ್ದಿದೆ ಎಂದು ಹೇಳುವುದು, ಕಾಯಿಲೆ ಇದ್ದವರನ್ನು ಹುಡುಕಿ ತಿಂಗಳಿಗೆರಡು ಸಲ ಬರುವ ಡಾಕ್ಟರ ಮುಂದೆ ಕೂರಿಸುವುದು, ಇಷ್ಟೇ ಕೆಲಸ. ಮುಸರತ್ ಸೇರಿದ ನಾಲ್ಕು ವರ್ಷಗಳಲ್ಲಿ ಹರಿಹರ ತಾಲ್ಲೂಕಿನ ಅರವತ್ತೆಂಟು ಜನರನ್ನು ಹುಡುಕಿ ತಂದಿದ್ದಳು. ಅವಳಷ್ಟು ಜನರನ್ನು ಬೇರೆ ಯಾರೂ ತಂದಿರಲಿಲ್ಲ.

ಕೆಲಸದ ವಿಧಾನ ಸುಲಭದ್ದು. ಮೊದಲು ಓಣಿಯ ಹೆಂಗಸರನ್ನು ಸೇರಿಸಿ ಚಿತ್ರಪಟ ಹಿಡಿದು ಪಾಠ. ಆಮೇಲೆ ಮನೆಮನೆಗೆ ಹೋಗಿ ಹನ್ನೆರಡು ಪ್ರಶ್ನೆಯ ಫಾರಂ ತುಂಬುವುದು. ಅದರಲ್ಲಿ ಒಂಬತ್ತನೇ ಪ್ರಶ್ನೆ ಇದು: 'ಬೇರೆ ಯಾರಿಗೂ ಕೇಳಿಸದ ದನಿ ನಿಮಗೆ ಕೇಳಿಸುತ್ತದೆಯೇ?' ಆ ಪ್ರಶ್ನೆಗೆ ಹೌದು ಎಂದವರ ಫಾರಮಿನ ಮೂಲೆಯನ್ನು ಮುಸರತ್ ಮಡಚುತ್ತಿದ್ದಳು. ಮೂಲೆ ಮಡಚಿದ ಫಾರಂ ಅಂದರೆ ಡಾಕ್ಟರು ಮೊದಲು ನೋಡಬೇಕಾದದ್ದು.

ಕಳೆದ ವರ್ಷ ಫೆಬ್ರುವರಿಯಲ್ಲಿ ಅವಳು ಹರಿಹರದ ಹಳೆ ಊರಿನ ಹಗ್ಗದ ಓಣಿಗೆ ಹೋದಳು. ಹೊಳೆಯ ಕಡೆಗೆ ಇಳಿಯುವ ಇಕ್ಕಟ್ಟಾದ ಓಣಿ. ಎರಡು ಮನೆಗಳ ನಡುವೆ ಒಂದೇ ಮಣ್ಣಿನ ಗೋಡೆ. ಒಬ್ಬರ ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನಬೇಕು, ಅಂಥ ಓಣಿ. ಪಾಠಕ್ಕೆ ಅಗಲವಾದ ಜಗಲಿ ಇದ್ದದ್ದು ಅಂಜಿನವ್ವನ ಮನೆಯಲ್ಲಿ ಮಾತ್ರ. ಮಗ ಪರಶುರಾಮ್ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಮಗಳು ಬಿಂದುವನ್ನು ಸೊಲ್ಲಾಪುರದ ಕಡೆ ಕೊಟ್ಟಿದೆ ಎಂದು ಅಂಜಿನವ್ವ ಹೇಳಿದಳು. ಚಾಪೆ ಹಾಸಿದವಳೂ ಅವಳೇ, ಮುಂದಿನ ಸಾಲಿನಲ್ಲಿ ಕೂತವಳೂ ಅವಳೇ. ಮುಸರತ್ ಆ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಒಂದು ಗಂಟೆ ಮಾತಾಡಿದಳು.

ಪಾಠ ಮುಗಿದ ಮೇಲೆ ಅಂಜಿನವ್ವ ಒಂದು ಪ್ರಶ್ನೆ ಕೇಳಿದಳು. "ಈ ಕಾಯಿಲೆ ಒಬ್ಬರಿಗೆ ಬಂದ್ರೆ ಮನೀ ಮಂದಿಗೆಲ್ಲ ಬರ್ತೈತೇನ್ರಿ?"

ಮುಸರತ್ ಚಿತ್ರಪಟ ಸುತ್ತುತ್ತಿದ್ದಳು. ಎರಡು ಗಂಟೆಯ ಬಸ್ಸಿನ ಧ್ಯಾನ. "ಕೆಲವ್ರಿಗೆ ರಕ್ತದಾಗ ಬರ್ತೈತ್ರಿ" ಎಂದಳು. ತರಬೇತಿಯ ಪುಸ್ತಕದಲ್ಲಿ ಅದರ ಮುಂದೆ ಇನ್ನೂ ಮೂರು ವಾಕ್ಯಗಳಿದ್ದವು. ಎಲ್ಲರಿಗೂ ಬರುವುದಿಲ್ಲ, ಬಂದರೂ ಹೆದರಬೇಕಿಲ್ಲ, ಮದ್ದಿದೆ ಎಂಬ ಮಾತುಗಳು. ಅವನ್ನು ಹೇಳಲು ಪುರಸೊತ್ತಾಗಲಿಲ್ಲ. ಅಂಜಿನವ್ವ ಚಾಪೆ ಮಡಚಿ ಒಳಗೆ ಹೋದಳು.

ಓಣಿಯ ಇಪ್ಪತ್ತೆರಡು ಮನೆಯಲ್ಲಿ ಇಪ್ಪತ್ತೊಂದು ಮನೆಯವರು ಒಂಬತ್ತನೇ ಪ್ರಶ್ನೆಗೆ ಇಲ್ಲ ಎಂದರು. ಸಾಧಾರಣವಾಗಿ ಜನ ಈ ಪ್ರಶ್ನೆಗೆ ನಗುತ್ತಾರೆ, ಇಲ್ಲವೇ 'ನಮ್ಮ ಅತ್ತೀದು ಒಂದು ದನಿ ಸಾಕಾಗೈತೆ' ಎಂದು ಚೇಷ್ಟೆ ಮಾಡುತ್ತಾರೆ. ಇಲ್ಲಿ ಯಾರೂ ನಗಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ "ಇಲ್ರಿ, ಇಲ್ರಿ" ಎಂದು ತಲೆಯಾಡಿಸಿದರು. ಅದನ್ನು ಮುಸರತ್ ಗಮನಿಸಬೇಕಿತ್ತು. ಗಮನಿಸಲಿಲ್ಲ.

ಹೌದು ಎಂದವಳು ಒಬ್ಬಳೇ, ಅಂಜಿನವ್ವನ ಪಕ್ಕದ ಮನೆಯ ರಂಗವ್ವ. ನಂದಿಗುಡಿ ಕಡೆಯವಳು. ಮಗ ಉಚ್ಚಂಗೆಪ್ಪ ಆಟೋ ಓಡಿಸುವುದಕ್ಕೆಂದು ಹರಿಹರಕ್ಕೆ ಬಂದು, ಈ ಓಣಿಯಲ್ಲಿ ಬಾಡಿಗೆ ಹಿಡಿದು ಇನ್ನೂ ಒಂದು ವರ್ಷವಾಗಿರಲಿಲ್ಲ. ಬೆಳಗಾನ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬಂದು, ಮಧ್ಯಾಹ್ನ ಅಡುಗೆಮನೆಯ ತಂಪು ನೆಲದ ಮೇಲೆ ಮೈ ಚಾಚುವವಳು. ದಪ್ಪ ಗಂಟಲು, ಬಾಯಿ ತುಂಬ ನಗು.

"ಕೇಳಿಸ್ತೈತ್ರಿ" ಎಂದಳು, ಮಳೆ ಬಂತು ಎನ್ನುವಷ್ಟು ಸಲೀಸಾಗಿ. "ಅಗಾ, ಆ ದೀಪದ ಗೂಡಿನಾಗಿಂದ. ದಿನಾ ಎರಡು ಗಂಟೆ ಮೇಲೆ. ಹೆಣ್ಣು ದನಿ. 'ಬಿಸ್ಲು ಬಂತಾ?' ಅಂತೈತೆ."

"ನೀವೇನು ಮಾಡ್ತೀರಿ?"

"ಬಂದಿದ್ರೆ ಬಂತವ್ವ ಅಂತೀನಿ. ಮೋಡ ಇದ್ರೆ ಇಲ್ಲವ್ವ, ಮೋಡ ಐತೆ ಅಂತೀನಿ. ಅಷ್ಟಕ್ಕೇ ಸುಮ್ಮನಾಗ್ತೈತ್ರಿ ಪಾಪ. ಒಂದೊಂದ್ಸಲ ಊಟಕ್ಕೇನು ಮಾಡಿದ್ದೆ ಅಂತಾನೂ ಕೇಳ್ತೈತೆ."

"ಅದು ಯಾರು ಅಂತೀರಿ?"

ರಂಗವ್ವ ಎಲೆ ಅಡಿಕೆ ಮೆಲ್ಲುತ್ತ ಯೋಚಿಸಿದಳು. "ಯಾರೋ ಸತ್ತೋರು. ಸತ್ತೋರಿಗೂ ಬಿಸಿಲಿನ ಆಸೆ ಇರ್ತೈತಲ್ಲೇನ್ರಿ?"

ಮುಸರತ್‌ಳ ಕೈ ರೋಮ ನಿಂತವು. ಹೆದರಿಕೆಗಲ್ಲ, ಕನಿಕರಕ್ಕೆ. ಅವಳ ಕಣ್ಣಿಗೆ ಒಲೆ ಮುಂದೆ ಕೂತ ತನ್ನ ತಾಯಿ ಕಂಡಳು. ಹೋಗಿ ಗೂಡನ್ನು ನೋಡಿದಳು. ಎಣ್ಣೆ ಜಿಡ್ಡು, ಒಂದು ಹಣತೆ, ಹಿಂದೆ ಮಣ್ಣು. ಗೋಡೆಗೂ ಕಿವಿ ಇದೆ ಅನ್ನುತ್ತಾರೆ, ಬಾಯಿ ಇದೆ ಅಂದವರು ಯಾರಾದರೂ ಇದ್ದಾರೆಯೇ? ಅವಳು ಫಾರಮಿನ ಮೂಲೆ ಮಡಚಿದಳು.

ಮಾರ್ಚಿನ ಶಿಬಿರದಲ್ಲಿ ಡಾಕ್ಟರು ರಂಗವ್ವನನ್ನು ಆರು ನಿಮಿಷ ನೋಡಿದರು. ಹೊರಗೆ ಎಂಬತ್ತು ಜನ ಕಾಯುತ್ತಿದ್ದರು. ಮುಸರತ್‌ಳ ಫಾರಂ ಓದಿದರು, ಉಚ್ಚಂಗೆಪ್ಪನನ್ನು ಕೇಳಿದರು. ಅವನು ಹಗಲೆಲ್ಲ ಆಟೋದಲ್ಲಿರುವವನು, "ಅವ್ವ ಗೋಡೆ ಜೊತೆ ಮಾತಾಡ್ತಾಳಂತೆ, ಓಣಿಯವ್ರು ಯಾರಿಗೂ ಏನೂ ಕೇಳಿಲ್ವಂತೆ" ಎಂದು ತಲೆ ತಗ್ಗಿಸಿದ. ಗುಳಿಗೆ ಶುರುವಾಯಿತು. ಮುಸರತ್ ರಂಗವ್ವನ ಕೈ ಹಿಡಿದು ತನಗೆ ಕಲಿಸಿದ್ದನ್ನೆಲ್ಲ ಕಲಿಸಿದಳು. ಆ ದನಿ ನಿಜವಲ್ಲ, ನಿಮ್ಮ ಮಿದುಳಿನ ಚೇಷ್ಟೆ. ಅದು ಮಾತಾಡಿದಾಗ ಉತ್ತರ ಕೊಡಬೇಡಿ. ಕೊಟ್ಟಷ್ಟೂ ಬಲಿಯುತ್ತದೆ. ಕಣ್ಣನ್ನು ಬೇರೆ ಕಡೆ ತಿರುಗಿಸಿ ಇಪ್ಪತ್ತರವರೆಗೆ ಎಣಿಸಿ.

"ಪಾಪ, ಬ್ಯಾಸರ ಮಾಡ್ಕೊಳಂಗಿಲ್ಲೇನ್ರಿ ಅದು?" ಎಂದಳು ರಂಗವ್ವ.

"ಅದು ಇಲ್ಲವೇ ಇಲ್ಲ ರಂಗವ್ವ. ಇಲ್ದೇ ಇರೋದಕ್ಕೆ ಬ್ಯಾಸರ ಹೆಂಗಾಗ್ತೈತೆ?"

ಗುಳಿಗೆ ತನ್ನ ಕೆಲಸ ಮಾಡಿತು. ರಂಗವ್ವನ ಮಾತು ಕಡಿಮೆಯಾಯಿತು, ನಗು ಕಡಿಮೆಯಾಯಿತು, ರೊಟ್ಟಿ ದಪ್ಪವಾಗತೊಡಗಿದವು. ಕೈ ನಡುಗುತ್ತವೆ ಎಂದಳು. ಅದಕ್ಕೊಂದು ಬೇರೆ ಗುಳಿಗೆ ಬಂತು. ಪ್ರತಿ ಗುರುವಾರ ಮುಸರತ್ ಹೋಗಿ ಗುಳಿಗೆಯ ಹಾಳೆ ತಿರುಗಿಸಿ, ಎಷ್ಟು ಖಾಲಿಯಾಗಿವೆ ನೋಡಿ, "ಶಾಭಾಸ್ ರಂಗವ್ವ" ಎನ್ನುತ್ತಿದ್ದಳು. ಜೂನ್ ಹೊತ್ತಿಗೆ ರಂಗವ್ವ, "ಈಗ ಕೇಳಂಗಿಲ್ಲ ಬಿಡ್ರಿ" ಎಂದಳು. ಅವತ್ತು ಮುಸರತ್ ದಾವಣಗೆರೆಗೆ ಹೋಗುವಾಗ ತಾಯಿಗೆ ಇಷ್ಟವೆಂದು ಮಿರ್ಚಿ-ಮಂಡಕ್ಕಿ ಕಟ್ಟಿಸಿಕೊಂಡು ಹೋದಳು.

ಅಕ್ಟೋಬರಿನಲ್ಲಿ ಮಾನಸಿಕ ಆರೋಗ್ಯದ ದಿನ ಬಂತು. ವಿದ್ಯಾನಗರದ ಒಂದು ಸಭಾಂಗಣದಲ್ಲಿ ಕಾರ್ಯಕ್ರಮ. ಕಾಲೇಜು ಹುಡುಗಿಯರು ತುಂಬಿದ್ದರು. ಗುಣವಾದವರು ವೇದಿಕೆಗೆ ಬಂದು ಎರಡು ಮಾತಾಡಬೇಕು ಎಂಬುದು ಮುಸರತ್‌ಳದೇ ಉಪಾಯ. ಹೊಸ ಸೀರೆ ಉಟ್ಟ ರಂಗವ್ವ ಮೈಕಿನ ಮುಂದೆ ನಿಂತು, "ಮೊದ್ಲು ಒಂದು ದನಿ ಕೇಳ್ತಿತ್ರಿ. ಮುಸರತ್ ಮೇಡಂ ಬಂದ್ರು. ಈಗ ಕೇಳಂಗಿಲ್ರಿ" ಎಂದಳು. ಚಪ್ಪಾಳೆಯೋ ಚಪ್ಪಾಳೆ. ಆಶಾ ಮೇಡಂ ಮುಸರತ್‌ಳ ಬೆನ್ನು ತಟ್ಟಿದರು.

ಕೆಳಗಿಳಿದು ಬಂದ ರಂಗವ್ವ ಮುಸರತ್‌ಳ ಕಿವಿಯ ಹತ್ತಿರ ಬಾಗಿದಳು. "ಸುಳ್ಳು ಹೇಳಿದೆ ಮೇಡಂ. ನಿಮಗೆ ಖುಷಿ ಆಗ್ಲಿ ಅಂತ. ಕೇಳ್ತೈತ್ರಿ. ಜವಾಬು ಕೊಡೋದಷ್ಟೇ ಬಿಟ್ಟೀನಿ, ಎಣಿಸ್ತೀನಿ. ಈಗ ಅದು ಬಿಸಿಲು ಕೇಳಂಗಿಲ್ಲ. 'ಯಾಕ ಸುಮ್ಮನಾದೆ?' ಅಂತೈತೆ."

ಗುಳಿಗೆ ಸಾಲುತ್ತಿಲ್ಲ. ಮುಸರತ್‌ಗೆ ಬಂದ ಮೊದಲ ಯೋಚನೆ ಇದೇ. ಅವಳನ್ನು ಬೈಯಬೇಕೆನ್ನಿಸಿದರೆ ಬೈಯಿರಿ, ಆದರೆ ಹನ್ನೊಂದು ವರ್ಷ ತಾಯಿಯನ್ನು ಕಟ್ಟಿ ಹಾಕಿದ್ದನ್ನು ನೋಡಿದವಳ ತಲೆ ಹಾಗೆಯೇ ಓಡುತ್ತದೆ. ಪ್ರಮಾಣ ಹೆಚ್ಚಿಸುವ ಮೊದಲು ರೋಗಿ ಗುಳಿಗೆ ನುಂಗುತ್ತಿದ್ದಾಳೋ ಉಗಿಯುತ್ತಿದ್ದಾಳೋ ನೋಡಬೇಕು ಎಂಬುದು ಬಳಗದ ನಿಯಮ. ನವೆಂಬರ್ ಮೊದಲ ಗುರುವಾರ ಅವಳು ಹೇಳದೆ ಕೇಳದೆ ಹಗ್ಗದ ಓಣಿಗೆ ಹೋದಳು.

ಹೋದಾಗ ಎರಡು ಗಂಟೆಗೆ ಐದು ನಿಮಿಷ ಕಡಿಮೆ. ಆ ಹೊತ್ತಿಗೆ ಅವಳು ಎಂದೂ ಆ ಓಣಿಯಲ್ಲಿ ಇದ್ದಿರಲಿಲ್ಲ. ಎರಡಕ್ಕೆ ಅವಳ ಬಸ್ಸು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹೊರಗೆ ಒಂದು ನರಪಿಳ್ಳೆ ಇಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದವು. ಅವಳು ರಂಗವ್ವನ ಮನೆಯ ಹೊಸ್ತಿಲು ದಾಟುವಾಗ ಒಂದು ಮನೆಯಲ್ಲಿ ಟಿವಿಯ ಸದ್ದು ಜೋರಾಯಿತು. ಆಮೇಲೆ ಎದುರು ಮನೆಯಲ್ಲಿ. ಆಮೇಲೆ ಅದರಾಚೆಯದರಲ್ಲಿ. ನೋಡನೋಡುತ್ತ ಓಣಿಗೆ ಓಣಿಯೇ ಟಿವಿಯ ಕಿರುಚಾಟದಿಂದ ತುಂಬಿಹೋಯಿತು. ಮುಚ್ಚಿದ ಬಾಗಿಲು, ಖಾಲಿ ಬೀದಿ, ಒಳಗೆ ಇಪ್ಪತ್ತು ಟಿವಿ.

ರಂಗವ್ವ ಅಡುಗೆಮನೆಯಲ್ಲಿ ಬಾಯಿ ತೆರೆದು ಮಲಗಿದ್ದಳು. ಗುಳಿಗೆಯ ನಿದ್ದೆ. ಕರೆದರೆ ಏಳಲಿಲ್ಲ. ಮುಸರತ್ ಗುಳಿಗೆಯ ಹಾಳೆ ನೋಡಿದಳು. ಸರಿಯಾಗಿತ್ತು. ನೀರು ಕುಡಿದು ದೀಪದ ಗೂಡಿನ ಪಕ್ಕ ಗೋಡೆಗೆ ಒರಗಿ ಕೂತಳು.

"ಯಾಕ ಸುಮ್ಮನಾದೆ?"

ದನಿ ಅವಳ ಎಡಗಿವಿಯ ಹತ್ತಿರದಿಂದಲೇ ಬಂತು. ಒಣಗಿದ, ತೆಳ್ಳನೆಯ ಹೆಣ್ಣು ದನಿ. ಮುಸರತ್ ರಂಗವ್ವನ ಕಡೆ ತಿರುಗಿದಳು. ರಂಗವ್ವನ ತುಟಿ ಅಲುಗಿರಲಿಲ್ಲ. ಹೊರಗಿನ ಟಿವಿಗಳ ಗದ್ದಲದ ಕೆಳಗೆ, ಒಂದು ಉಸಿರೆಳೆಯುವಷ್ಟು ಹೊತ್ತು ಬಿಟ್ಟು, ಅದು ಇನ್ನೊಮ್ಮೆ ಕೇಳಿತು. "ಹೋದ್ಯೇನು?"

ಚಪ್ಪಲಿ ಮೆಟ್ಟದೆ ಹೊರಗೆ ಓಡಿದಳು ಮುಸರತ್. ಬಸ್‌ಸ್ಟ್ಯಾಂಡ್ ಮುಟ್ಟಿದ ಮೇಲೆಯೇ ಕಾಲು ಸುಡುತ್ತಿರುವುದು ಅವಳಿಗೆ ಗೊತ್ತಾದದ್ದು.

ದೆವ್ವ ಎಂದು ಅವಳಿಗೆ ಅನ್ನಿಸಲಿಲ್ಲ. ಅನ್ನಿಸಿದ್ದರೆ ಎಷ್ಟೋ ವಾಸಿಯಿತ್ತು. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಬಂತು, ತನಗೂ ಬಂತು ಎಂದುಕೊಂಡಳು. ರಕ್ತದಾಗ ಬರ್ತೈತ್ರಿ ಎಂದು ಊರವರಿಗೆ ಸಲೀಸಾಗಿ ಹೇಳಿದ್ದವಳು ಬಸ್ಸಿನ ಕೊನೆಯ ಸೀಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕಂಡಕ್ಟರ್ ಬಂದು, "ಯಾಕ್ರಿ ಅಕ್ಕಾರೆ, ಹುಷಾರಿಲ್ಲೇನು?" ಎಂದರೆ, ಆ ದನಿಯಾದರೂ ನಿಜವೇ ಎಂದು ಅನುಮಾನ ಬಂದು ಅವನ ಬಾಯಿಯನ್ನೇ ನೋಡಿದಳು. ಚೀಲದಿಂದ ಒಂದು ಖಾಲಿ ಫಾರಂ ತೆಗೆದು ತನ್ನ ಹೆಸರು ಬರೆದು ತುಂಬಿದಳು. ಒಂಬತ್ತನೆಯದಕ್ಕೆ ಹೌದು. ಮೂಲೆ ಮಡಚಲು ಕೈ ಬರಲಿಲ್ಲ. ಹರಿದು ಕಿಟಕಿಯಿಂದ ಬಿಸಾಡಿದಳು.

ಒಂದು ವಾರ ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ ಎಂಬ ಭಯವಲ್ಲ. ತಾಯಿಗೆ ತಿಳಿದರೆ 'ನನ್ನಿಂದಲೇ ಬಂತು' ಎಂದು ಎದೆ ಒಡೆದುಕೊಳ್ಳುತ್ತಾಳೆ ಎಂಬ ಸಂಕಟ. ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು 'ಮುಚ್ಚಿಡಬೇಡಿ, ಬಾಯಿಬಿಟ್ಟು ಹೇಳಿ' ಎಂದು ಬೋಧಿಸಿದವಳು ತಾನೇ ಬಾಯಿಗೆ ಬೀಗ ಹಾಕಿಕೊಂಡಳು. ಕೊನೆಗೆ ಅವಳಿಗೆ ಒಂದು ಉಪಾಯ ಹೊಳೆಯಿತು. ಮನುಷ್ಯರಿಗೆ ಕಾಯಿಲೆ ಬರುತ್ತದೆ, ಫೋನಿಗೆ ಬರುವುದಿಲ್ಲವಲ್ಲ?

ಮುಂದಿನ ಗುರುವಾರ ಅದೇ ಹೊತ್ತಿಗೆ ಹೋಗಿ, ಟಿವಿಗಳು ಜೋರಾಗುವುದನ್ನು ಕಾದು, ಫೋನನ್ನು ದೀಪದ ಗೂಡಿನಲ್ಲಿಟ್ಟು ಹತ್ತು ನಿಮಿಷ ದೂರ ಕೂತಳು. ಅವಳ ಕಿವಿಗೆ ದನಿ ಮೂರು ಸಲ ಕೇಳಿತು. ಫೋನಿಗೆ ಕೇಳಿತೋ ಇಲ್ಲವೋ ನೋಡುವ ಧೈರ್ಯ ಬರಲಿಲ್ಲ. ಬಸ್ಸಿನಲ್ಲಿ ಆ ಫೋನನ್ನು ಕೆಂಡ ಹಿಡಿದವಳ ಹಾಗೆ ಹಿಡಿದು ಕೂತಿದ್ದಳು.

ಸಂಜೆ ಖೈರುನ್ನೀಸಾ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ಎಪ್ಪತ್ತೆರಡು ವಯಸ್ಸಾದರೂ ಇವತ್ತಿಗೂ ಗುಳಿಗೆ ತಪ್ಪಿಸಿದವಳಲ್ಲ. ಮಗಳ ಮುಖ ನೋಡಿ, "ಏನದು ಫೋನ್ ಹಿಡ್ಕೊಂಡು ನಿಂತೀ? ಹಚ್ಚು" ಎಂದಳು. ಮುಸರತ್ ಕಣ್ಣು ಮುಚ್ಚಿ ಹಚ್ಚಿದಳು. ಟಿವಿಗಳ ಗೊಜಗೊಜ. ರಂಗವ್ವನ ಗೊರಕೆ. ಆಮೇಲೆ.

"ಯಾರೋ ಹುಡುಗಿ" ಎಂದಳು ಖೈರುನ್ನೀಸಾ.

"ನಿನಗೂ ಕೇಳ್ತಾ ಅಮ್ಮಿ?" ಮುಸರತ್ ಚೀರಿದ ಹಾಗೆ ಕೇಳಿದಳು. ಆಮೇಲೆ ಅವಳಿಗೆ ಮತ್ತೊಂದು ಭಯ ಬಂತು. ಕೇಳಿಸಿದ್ದು ಯಾರಿಗೆ? ತಾಯಿಗೆ! ಹನ್ನೊಂದು ವರ್ಷ ಇಲ್ಲದ್ದನ್ನು ಕೇಳಿದವಳ ಸಾಕ್ಷಿಯನ್ನು ನಂಬುವುದು ಹೇಗೆ?

ಮುದುಕಿಗೆ ಅದು ಅರ್ಥವಾಯಿತು. ಇನ್ನೊಮ್ಮೆ ಹಚ್ಚಿಸಿ, ಕಣ್ಣು ಮುಚ್ಚಿ ಕೇಳಿದಳು. "ನನ್ನ ದನಿಗಳು ಒಂದು ದಿನಾನೂ ನನ್ನ ಜವಾಬಿಗೆ ಕಾಯಲಿಲ್ಲ ಬೇಟಿ. ಮಾತಾಡಿದ್ರೂ ಬೈತಿದ್ವು, ಸುಮ್ಮನಿದ್ರೂ ಬೈತಿದ್ವು. ಇದನ್ನ ನೋಡು. ಕೇಳ್ತೈತೆ, ಆಮೇಲೆ ಕಾಯ್ತೈತೆ. ಇದಕ್ಕೆ ಉಸಿರು ಐತೆ. ಹೋಗಿ ನೋಡು."

ಮರುದಿನ ಬೆಳಿಗ್ಗೆ ಮುಸರತ್ ಆಶಾ ಮೇಡಂ ಅವರಿಗೆ ಎಲ್ಲ ಹೇಳಿ, ಫೋನು ಹಚ್ಚಿ ಕೇಳಿಸಿ, ಮಧ್ಯಾಹ್ನ ಅವರನ್ನು ಕರೆದುಕೊಂಡೇ ಹರಿಹರಕ್ಕೆ ಹೊರಟಳು. ಓಣಿಯ ತುದಿಯಲ್ಲಿ ಚಹದಂಗಡಿಯ ಬಡೇಸಾಬ್ ಇದ್ದ. ಮುಸರತ್‌ಳ ತಂದೆಯನ್ನು ಬಲ್ಲವನು. ಅವನ ಮುಂದೆಯೂ ಫೋನು ಹಚ್ಚಿದಳು. ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

"ಬಂದ್ ಮಾಡಮ್ಮ, ಬಂದ್ ಮಾಡು! ಹಯಾತ್ ಭಾಯಿ ಮಗಳಾಗಿ ನಿನಗೆ ಗೊತ್ತಿಲ್ಲೇನು? ಉರಿಮಧ್ಯಾಹ್ನ ಕೇಳಿದ್ದನ್ನ ಬಾಯಿಬಿಟ್ಟು ಹೇಳಬಾರದು. ಕೇಳೀನಿ ಅಂದವರನ್ನೇ ಹಿಡ್ಕೊಳ್ತೈತೆ. ಅದಕ್ಕೇ ನೋಡು, ಹೇಳಿದ್ದಕ್ಕೆ ರಂಗವ್ವಗೆ ಹುಚ್ಚು ಹಿಡೀತು."

ಮುಸರತ್ ಫೋನು ಆರಿಸಿದಳು. ಇದೇ ಊರಿನಲ್ಲಿ ಹುಟ್ಟಿದವಳು, ಈ ಕಟ್ಟಳೆಯನ್ನು ತಾಯಿಯ ಹಾಲಿನ ಜೊತೆಗೇ ಕುಡಿದವಳು. ಇಪ್ಪತ್ತೊಂದು ಮನೆಯವರೂ ಕೇಳಿದ್ದರು. ಕೇಳಿದ್ದಕ್ಕೇ ಇಲ್ಲ ಎಂದಿದ್ದರು. ಕಟ್ಟಳೆ ಗೊತ್ತಿಲ್ಲದೆ ನಿಜ ಹೇಳಿದ ಒಬ್ಬ ಪರವೂರಿನ ಹೆಂಗಸಿಗೆ ತಾನು ಗುಳಿಗೆ ಕೊಡಿಸಿದ್ದಳು.

ದೀಪದ ಗೂಡಿದ್ದ ಗೋಡೆಯ ಆಚೆ ಬದಿ ಅಂಜಿನವ್ವನ ಮನೆ. ಅಲ್ಲಿಗೆ ತಲುಪುವ ಹೊತ್ತಿಗೆ ಎರಡು ಗಂಟೆಯಾಗುತ್ತಿತ್ತು. ಬೆನ್ನ ಹಿಂದೆ ಟಿವಿಗಳು ಒಂದೊಂದಾಗಿ ಜೋರಾಗುತ್ತಿದ್ದವು. ಬಾಗಿಲು ತೆಗೆದ ಅಂಜಿನವ್ವ, "ಬರ್ರಿ, ಕೂಡ್ರಿ" ಎಂದಳು. ಪರಶುರಾಮ್ ಕೆಲಸಕ್ಕೆ ಹೋಗಿದ್ದ.

"ಬಿಂದು ಎಲ್ಲಿ ಅಂಜಿನವ್ವ?"

"ಸೊಲ್ಲಾಪುರದಾಗ ಅದಾಳ್ರಿ. ಹೇಳಿದ್ನಲ್ಲ."

ಅದೇ ಗಳಿಗೆಗೆ ಮನೆಯ ಒಳಗಿನಿಂದ, ನಡುಮನೆಯಾಚೆ ಕತ್ತಲೆಯಿಂದ, ದನಿ ಬಂತು. ಈ ಕಡೆಯಿಂದ ಅದು ಇನ್ನೂ ಸ್ಪಷ್ಟವಾಗಿತ್ತು. "ಯಾಕ ಸುಮ್ಮನಾದೆ?" ಅಂಜಿನವ್ವನ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಸೆರಗು ಸರಿಮಾಡಿಕೊಂಡು ಮುಸರತ್‌ಳನ್ನು ದಿಟ್ಟಿಸಿದಳು.

"ಏನ್ರಿ ಹಿಂಗ ನೋಡ್ತೀರಿ? ಯಾರಿಗೂ ಕೇಳದ್ದು ನಿಮಗೇನಾದ್ರೂ ಕೇಳಿಸ್ತೇನು?"

ಆ ಕ್ಷಣ ಮುಸರತ್‌ಗೆ ನಿಜವಾಗಿ ಭಯವಾಯಿತು. ಇಷ್ಟು ತಣ್ಣಗೆ ಕೇಳುವ ಮುಖದ ಮುಂದೆ ನಿಂತರೆ ಯಾರ ಕಿವಿಯ ಮೇಲೆ ಯಾರಿಗೆ ನಂಬಿಕೆ ಉಳಿದೀತು? ರಂಗವ್ವ ಎಂಟು ತಿಂಗಳು ಹೇಗಿದ್ದಿರಬೇಕು ಎಂಬುದು ಅವಳಿಗೆ ಒಂದೇ ಉಸಿರಿನಲ್ಲಿ ತಿಳಿಯಿತು.

"ನನಗೂ ಕೇಳಿಸಿತು ಅಂಜಿನವ್ವ" ಎಂದರು ಆಶಾ ಮೇಡಂ, ಹಿಂದಿನಿಂದ.

ಅಂಜಿನವ್ವ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ಇವಳನ್ನು. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಕುಸಿದಳು. "ಹೊಡೆದಿಲ್ರಿ. ಒಂದು ದಿನ ಉಪವಾಸ ಕೆಡವಿಲ್ರಿ. ಹೆತ್ತೀನಿ ನಾನು ಅದನ್ನ." ಮಾತು ಅಳುವಿನಲ್ಲಿ ಕಲಸಿಹೋಯಿತು. ಮೂರು ವರ್ಷದ ಹಿಂದೆ ದಾವಣಗೆರೆಯ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಬಿಂದುವಿಗೆ ತಲೆ ಕೆಟ್ಟಿತು. ಮದುವೆ ಮಾಡಿದರೆ ಸರಿಹೋಗುತ್ತದೆ ಅಂದರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಎರಡರ ನಡುವೆ ಒಂದು ಕೋಣೆ ಸಿಕ್ಕಿತು. ನಾಕು ದಿನ ಅಂತ ಒಳಗಿಟ್ಟಿದ್ದು ವರ್ಷಗಳಾಯಿತು. "ನಿಮ್ಮ ಪಾಠ ಕೇಳಿ ಅವತ್ತೇ ಹೇಳಬೇಕು ಅಂತ ಕುಂತಿದ್ದೆ ಮೇಡಂ. ರಕ್ತದಾಗ ಬರ್ತೈತೆ ಅಂದ್ರಲ್ಲ ನೀವು? ಮಗನಿಗೆ ಹೆಣ್ಣು ನೋಡಾಕ ಹತ್ತಿದ್ವಿ. ಹೆಂಗೆ ಹೇಳ್ಲಿ?"

ಮುಸರತ್‌ಳೇ ಒಳಕೋಣೆಯ ಬಾಗಿಲಿಗೆ ಒಟ್ಟಿದ್ದ ಭತ್ತದ ಚೀಲಗಳನ್ನು ಎಳೆದಳು. ಬೀಗದ ಕೈ ಅಂಜಿನವ್ವನ ತಾಳಿಯ ಸರದಲ್ಲಿತ್ತು. ಒಳಗೆ ಕಿಟಕಿ ಇಲ್ಲದ ಕೋಣೆ, ಒಂದು ಬಲ್ಬು, ತೊಳೆದ ನೆಲ. ಗೋಡೆಯ ಬುಡದಲ್ಲಿ, ದೀಪದ ಗೂಡಿನ ಹಿಂಬದಿಗೆ ಕಿವಿಯೊತ್ತಿ, ತಲೆಗೂದಲು ಕತ್ತರಿಸಿದ ಒಂದು ಹುಡುಗಿ ಕೂತಿದ್ದಳು. ಇಪ್ಪತ್ತಾರು ಇರಬಹುದು. ಬೆಳಕಿಗೆ ಕಣ್ಣು ಕಿರಿದು ಮಾಡಿ, "ನೀವಲ್ಲ" ಎಂದಳು, ಮುಸರತ್‌ಳನ್ನು ನೋಡಿ. "ಆಕಿ ದನಿ ಬ್ಯಾರೆ."

ಗದ್ದಲ ಕೇಳಿ ಎಚ್ಚರವಾಗಿ ರಂಗವ್ವ ಬಂದು ನಡುಮನೆಯಲ್ಲಿ ನಿಂತಿದ್ದಳು. ಕೆದರಿದ ತಲೆ, ಬಾಯಿಯ ಮೂಲೆಯಲ್ಲಿ ಜೊಲ್ಲು. "ಏನಾತ್ರಿ?" ಎಂದಳು, ಆ ದಪ್ಪ ಗಂಟಲಿನಲ್ಲಿ.

ಹುಡುಗಿ ತಟ್ಟನೆ ಎದ್ದಳು. ಗೋಡೆ ಹಿಡಿದು ಹಿಡಿದು ಬಾಗಿಲಿಗೆ ಬಂದಳು. ಅವಳ ಮುಖ ಹೊಳೆಯುತ್ತಿತ್ತು. "ಯವ್ವಾ, ನೀನಾ? ಎಲ್ಲಿ ಹೋಗಿದ್ದೆ? ನನ್ನ ಮ್ಯಾಲೆ ಸಿಟ್ಟಾಗಿದ್ದೇನು?"

ರಂಗವ್ವ ಕಣ್ಣನ್ನು ಭತ್ತದ ಚೀಲಗಳ ಕಡೆ ತಿರುಗಿಸಿದಳು. ಅವಳ ತುಟಿ ಮೆಲ್ಲಗೆ ಅಲುಗುತ್ತಿತ್ತು. ಹತ್ತಿರ ನಿಂತಿದ್ದ ಮುಸರತ್‌ಗೆ ಕೇಳಿಸಿತು. ಆರು, ಏಳು, ಎಂಟು. ಹುಡುಗಿ ಕೈ ಚಾಚಿದಳು. ರಂಗವ್ವ ಆ ಕೈಯನ್ನು ದಾಟಿ ಆಚೆಯ ಗೋಡೆಯನ್ನು ನೋಡುತ್ತ ಎಣಿಸುತ್ತಲೇ ಇದ್ದಳು. ಇಪ್ಪತ್ತಾದರೂ ಹುಡುಗಿ ಮಾಯವಾಗದ್ದಕ್ಕೆ ಗಾಬರಿಯಾಗಿ, ಮತ್ತೆ ಒಂದರಿಂದ ಶುರುಮಾಡಿದಳು.

"ರಂಗವ್ವ, ಎಣಿಸಬ್ಯಾಡ್ರಿ" ಎಂದಳು ಮುಸರತ್. "ನಿಲ್ಲಿಸ್ರಿ, ದಮ್ಮಯ್ಯ ಅಂತೀನಿ."

ರಂಗವ್ವ ಅವಳ ತೋಳು ಹಿಡಿದು, ಯಾರಿಗೂ ಕೇಳಬಾರದೆಂಬಂತೆ ಪಿಸುಗುಟ್ಟಿದಳು. "ಮೇಡಂ, ಗುಳಿಗೆ ತಪ್ಪಿಸಿಲ್ರಿ ನಾನು. ಆದ್ರೂ ಈಗ ಕಾಣಾಕೂ ಹತ್ತೈತ್ರಿ."

"ನನಗೂ ಕಾಣ್ತಾಳೆ ರಂಗವ್ವ. ಎಲ್ಲರಿಗೂ ಕಾಣ್ತಾಳೆ. ಈಕಿ ಬಿಂದು. ಜೀವಂತ ಅದಾಳೆ. ಮೊದಲ ದಿನದಿಂದಾನೂ ಇದ್ದಾಳೆ. ನಿಮಗೆ ಯಾವ ಕಾಯಿಲೆನೂ ಇರಲಿಲ್ಲ. ತಪ್ಪು ನಂದು."

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಮುಸರತ್ ಕಾದಳು. ಹೊಡೆಯಲಿ ಎಂದೇ ಮನಸ್ಸಿನಲ್ಲಿ ಬೇಡಿಕೊಂಡಳು. ರಂಗವ್ವ ತನಗೇನಾಯಿತು ಎಂದು ಕೇಳಲೇ ಇಲ್ಲ. ನಡುಗುವ ಕೈಯನ್ನು ಚಾಚಿ ಹುಡುಗಿಯ ಮೋಟುಗೂದಲ ತಲೆಯನ್ನು, ಕಿವಿಯನ್ನು, ಗದ್ದವನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಮುಸರತ್ ಕಡೆ ತಿರುಗಿದಳು.

"ಹಂಗಾದ್ರೆ ಈ ಎಂಟು ತಿಂಗಳು, ನಾ ಎಣಿಸ್ತಾ ಕುಂತಾಗ, ಈ ಕೂಸು ಅಲ್ಲಿ ಒಂದೇ ಇತ್ತೇನ್ರಿ?"

ಮುಸರತ್ ಹೌದು ಎಂದಳು.